ನೆಲಕ್ಕೆ ಕಿವಿಗೊಟ್ಟ ಸೀಮೆ

ಗೌರಿಬಿದನೂರು ಎಂದೊಡನೆ ಬಹುಮಂದಿಗೆ ನೆನಪಾಗುವುದು ವಿದುರಾಶ್ವತ್ಥ. ವಿಜ್ಞಾನಿಗಳಿಗಾದರೋ ಇದು ನೆಲದ ಸದ್ದು ಆಲಿಸುವ ಊರು. 1965ರಲ್ಲಿ ಇಲ್ಲಿ ಸ್ಥಾಪನೆಯಾದ ಕೇಂದ್ರದ ಕಂಪನಮಾಪಕಗಳು ಸಾವಿರಾರು ಕಿಲೋಮೀಟರ್ ದೂರದ ಭೂಕಂಪವನ್ನೂ ಗುರುತಿಸಬಲ್ಲವು. ಮನುಷ್ಯನ ಕಿವಿಗೆ ಕೇಳುವುದು ಸೆಕೆಂಡಿಗೆ 20ರಿಂದ 20,000 ಕಂಪನಗಳಷ್ಟೇ. ಆ ಕಿವಿಯ ಅಧ್ಯಯನಕ್ಕೆಂದು ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿದ್ದೂ 1965ರಲ್ಲೇ.

ಅಲ್ಲಿಂದ ಚಿಕ್ಕಬಳ್ಳಾಪುರದತ್ತ ಬಂದು ನಂದಿಬೆಟ್ಟ ಏರಿದರೆ ಕಿವಿ ಮುಚ್ಚಿದಂತಾಗುತ್ತದೆ. ಉಗುಳು ನುಂಗಿದರೆ ತೆರೆದುಕೊಳ್ಳುತ್ತದೆ. ಗಂಟಲನ್ನೂ ಮಧ್ಯಕಿವಿಯನ್ನೂ ಕೂಡಿಸುವ ಯುಸ್ಟೇಷಿಯನ್ ನಾಳದ ಕೆಲಸವಿದು. ಮಕ್ಕಳಲ್ಲಿ ಈ ನಾಳ ಗಿಡ್ಡ, ಇಳಿಜಾರೂ ಕಡಿಮೆ. ಆದ್ದರಿಂದಲೇ ನೆಗಡಿಯ ಸೋಂಕು ಸುಲಭವಾಗಿ ಕಿವಿಗೆ ಹತ್ತುತ್ತದೆ. ಸೋರುವ ಕಿವಿಗೆ ಕಾಯಿಸಿದ ಎಣ್ಣೆ ಬಿಡುವ ಅಭ್ಯಾಸ ಅಪಾಯಕಾರಿ. ತಮಟೆ ತೂತಾಗಿದ್ದರೆ ಎಣ್ಣೆ ನೇರವಾಗಿ ಒಳಗೇ ಇಳಿಯುತ್ತದೆ.

ಶಿಡ್ಲಘಟ್ಟ ರೇಷ್ಮೆಯ ಊರು. ಇಲ್ಲಿ ಗೂಡಿನ ಎಳೆ ತುಂಡಾದರೆ ಬಿಚ್ಚಾಣಿಕೆಯವರು ಕ್ಷಣದಲ್ಲಿ ಮತ್ತೆ ಸೇರಿಸುತ್ತಾರೆ. ಒಳಗಿವಿಯ ಶಂಖದಂಥ ಕಾಕ್ಲಿಯದಲ್ಲಿರುವ ಸುಮಾರು 16,000 ರೋಮಕೋಶಗಳಿಗೆ ಈ ಭಾಗ್ಯವಿಲ್ಲ. ಒಮ್ಮೆ ನಾಶವಾದರೆ ಮರಳಿ ಹುಟ್ಟವು. 85 ಡೆಸಿಬಲ್ ಮೀರಿದ ಸದ್ದಿನಲ್ಲಿ ದಿನವೂ ಎಂಟು ಗಂಟೆ ದುಡಿಯುವವರಿಗೂ, ಇಯರ್‌ಫೋನಿನಲ್ಲಿ ಜೋರಾಗಿ ಹಾಡು ಕೇಳುವ ವಿದ್ಯಾರ್ಥಿಗಳಿಗೂ ಕಾದಿರುವ ಹಾನಿ ಒಂದೇ.

ಮುಂದೆ ಚಿಂತಾಮಣಿ. ಈ ತಾಲ್ಲೂಕಿನ ಕೈವಾರದ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಹಾಡಿದವರು. ಈ ಭಾಗದ ಅನೇಕ ಮಕ್ಕಳು ಎರಡೂ ನುಡಿಗಳನ್ನು ಕೇಳಿಯೇ ಕಲಿಯುತ್ತಾರೆ. ಹುಟ್ಟಿನಿಂದಲೇ ಕೇಳದ ಮಗುವಿಗೆ ಎರಡೂ ದಕ್ಕವು. ಹುಟ್ಟುಕಿವುಡಿಗೆ ಕಾರಣ ಹಲವು. ಸೋದರಮಾವನಂಥ ರಕ್ತಸಂಬಂಧದಲ್ಲಿ ಮದುವೆಯಾದರೆ ಆನುವಂಶಿಕ ಕಿವುಡಿನ ಸಂಭವ ಹೆಚ್ಚುತ್ತದೆ. ಮಗುವಿಗೆ ಒಂದು ತಿಂಗಳಾಗುವುದರೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ಶ್ರವಣಸಾಧನ ಮತ್ತು ತರಬೇತಿ ಎಂಬುದು ತಜ್ಞರ ಸೂತ್ರ. ಸಾಧನದಿಂದ ಸಾಲದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯೂ ಇದೆ. ತಡವಾದಷ್ಟೂ ಮಾತು ಕಲಿಯುವುದು ಕಷ್ಟ.

ಕೂಗಿದರೆ ತಿರುಗದ, ಟಿ.ವಿ. ಸದ್ದು ಏರಿಸುತ್ತಲೇ ಇರುವ, ಉಕ್ತಲೇಖನದಲ್ಲಿ ಪದೇಪದೇ ತಪ್ಪುವ ಮಗುವನ್ನು ದಡ್ಡನೆನ್ನುವ ಮೊದಲು ಅದರ ಕಿವಿ ಪರೀಕ್ಷೆ ಮಾಡಿಸುವುದು ಹೆತ್ತವರ ಹೊಣೆ. ಜಿಲ್ಲಾ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದ ಬಾಗಿಲು ದೂರವೇನಿಲ್ಲ. ದೂರದ ನೆಲದ ನಡುಕವನ್ನೇ ಆಲಿಸುವ ಈ ಸೀಮೆಯಲ್ಲಿ, ಮನೆಯ ಮಗುವಿಗೆ ಕೇಳಿಸುತ್ತಿದೆಯೇ ಎಂಬುದು ಗೊತ್ತಾಗದೆ ಉಳಿಯಬಾರದು.