ರಜಾ ಚೀಟಿ

ಪರರ ತಪ್ಪು ಹುಡುಕುವುದಕ್ಕೆ ಸಂಬಳ ದೊರೆಯುವ ಉದ್ಯೋಗಗಳು ಲೋಕದಲ್ಲಿ ಕೆಲವೇ. ಅವುಗಳಲ್ಲಿ ನನ್ನದೂ ಒಂದು. ಕಂಪ್ಯೂಟರಿಗಾಗಿ ಕಿರಿಯರು ಬರೆದ ಆದೇಶಗಳನ್ನು ಓದಿ, ಸರಿಯಿದ್ದರೆ ಒಪ್ಪಿಗೆ ಹಾಕುವುದು ನನ್ನ ಕೆಲಸ.

ನಮ್ಮ ಕಚೇರಿಯಲ್ಲಿ ಪ್ರತಿರಾತ್ರಿಯೂ ಯಂತ್ರವೇ ನಮ್ಮ ತಂತ್ರಾಂಶವನ್ನು ಪರೀಕ್ಷಿಸುತ್ತದೆ. ಒಂದು ಪರೀಕ್ಷೆಗೆ ಡೇಟಾಬೇಸ್ ಅವಶ್ಯ. ಅದಿಲ್ಲದ ಯಂತ್ರಗಳಲ್ಲಿ ಅದನ್ನು ಬಿಡಬೇಕಾಗಿತ್ತು. ತರುಣ ಮಿತ್ರರೊಬ್ಬರು ಷೆಲ್ ಸ್ಕ್ರಿಪ್ಟಿನಲ್ಲಿ ಒಂದು ಸಾಲು ಬರೆದು ತಂದರು: 'ಬಿಡು' ಎಂಬ ಹೆಸರಿನಡಿ ಏನಾದರೂ ಬರೆದಿದ್ದರೆ, ಪರೀಕ್ಷೆ ನಡೆಸದೆ ಸೊನ್ನೆಯೊಡನೆ ಹಿಂದಿರುಗು. ಒಂದೇ ಸಾಲು, ಊಟದ ಹೊತ್ತು ಬೇರೆ. ಒಪ್ಪಿಗೆ ಹಾಕಿದೆ.

ಎರಡು ತಿಂಗಳು ವರದಿಯೆಲ್ಲ ಹಸಿರೋ ಹಸಿರು. ಬಳಿಕ ಗ್ರಾಹಕರೊಬ್ಬರ ಲೆಕ್ಕ ತಪ್ಪಿತು. ಆ ಲೆಕ್ಕವನ್ನು ಕಾಯಬೇಕಾಗಿದ್ದ ಪರೀಕ್ಷೆಯೋ, ಪ್ರತಿರಾತ್ರಿಯೂ ತೇರ್ಗಡೆ!

ಸಾಲನ್ನು ಪುನಃ ಓದಿದೆ. ಹೆಸರಿನ ಸುತ್ತ ಉದ್ಧರಣ ಚಿಹ್ನೆಗಳಿರಲಿಲ್ಲ. ಹಾಗಿದ್ದಾಗ, ಹೆಸರಿನಡಿ ಏನೂ ಇಲ್ಲದಿದ್ದರೆ ಷೆಲ್ ಅದನ್ನು ಅಳಿಸಿಯೇ ಬಿಡುತ್ತದೆ, 'ಬರಿದಲ್ಲವೆ?' ಎಂದು ಕೇಳುವ ಗುರುತೊಂದೇ ಉಳಿಯುತ್ತದೆ. ನೋಡುವುದಕ್ಕೆ ಬೇರೇನೂ ಇಲ್ಲದೆ ಅದು ಆ ಗುರುತನ್ನೇ ನೋಡಿ 'ಬರಿದಲ್ಲ' ಎನ್ನುತ್ತದೆ! ಹೀಗೆ ಪರೀಕ್ಷೆಗೆ ಎಲ್ಲ ಯಂತ್ರಗಳಲ್ಲೂ ನಿತ್ಯ ರಜೆ. ಷೆಲ್ಲಿನ ಭಾಷೆಯಲ್ಲಿ ಸೊನ್ನೆಯೆಂದರೆ ಯಶಸ್ಸು. ಆದ್ದರಿಂದ ಬಾರದವನಿಗೂ ಹಾಜರಿ.

ಸಭೆಯಲ್ಲಿ ಎಲ್ಲರ ದೃಷ್ಟಿ ತರುಣನತ್ತ ಹೊರಳಿತು. ಆತ ತಲೆ ತಗ್ಗಿಸಿದ. ನನ್ನ ಗಂಟಲು ಒಣಗಿತು. ಕೊನೆಗೆ, "ಬರೆದವರು ಇವರು ನಿಜ, ಓದಿ ಒಪ್ಪಿದವನು ನಾನು" ಎಂದೆ.

ಅಂದು ಸಂಜೆ ಮಗಳು ರಜಾ ಚೀಟಿಗೆ ಸಹಿ ಕೇಳಿದಳು.

"ಚೀಟಿ ಕೊಟ್ಟರೆ ಹಾಜರಿ ಹಾಕುತ್ತಾರೇನಮ್ಮ?"

"ಅದು ಹೇಗಪ್ಪ? ಹಾಜರಿಯೂ ಅಲ್ಲ, ಗೈರುಹಾಜರಿಯೂ ಅಲ್ಲ. 'ರಜಾ' ಅಂತ ಬರೀತಾರೆ."

ಎಂಟು ವರ್ಷದ ಮಗುವಿಗೆ ತಿಳಿದದ್ದು ನನಗೆ ಹೊಳೆದಿರಲಿಲ್ಲ. ನಾವು ಬಳಸುವ ಆಟೋಮೇಕ್ ಕೂಡ ಇದಕ್ಕೆಂದೇ 77 ಎಂಬ ಸಂಖ್ಯೆಯನ್ನು ಮೀಸಲಿಟ್ಟಿದೆ. ಪರೀಕ್ಷೆ ಗೆಲ್ಲಲಿಲ್ಲ, ಸೋಲಲಿಲ್ಲ, ನಡೆಯಲೇ ಇಲ್ಲ ಎಂದು ಅದರ ಅರ್ಥ.

ಮರುದಿನ ತರುಣನೊಡನೆ ಕುಳಿತು ಉದ್ಧರಣ ಚಿಹ್ನೆಗಳನ್ನು ಸೇರಿಸಿ, ಸೊನ್ನೆಯ ಬದಲು 77 ಬರೆದೆವು. ಆ ರಾತ್ರಿ ಪರೀಕ್ಷೆ ನಿಜವಾಗಿ ನಡೆಯಿತು. ಅದೇ ಲೆಕ್ಕದಲ್ಲಿ ಸೋತು ಕೆಂಪಾಯಿತು. ಎರಡು ತಿಂಗಳ ಹಸಿರಿಗಿಂತ ಆ ಕೆಂಪು ನನಗೆ ಹಿತವಾಗಿ ಕಂಡಿತು.

ಮಗಳ ಚೀಟಿಗೆ ಸಹಿ ಹಾಕಿದೆನೇ ಎಂದು ಕೇಳುವಿರಾ? ಹಾಕಿದೆ. ಆದರೆ ಎರಡು ಬಾರಿ ಓದಿದ ಮೇಲೆ.