ಎಲೆ ಬಿಟ್ಟೆದ್ದವನು

ಎಲ್ಲರಿಗೂ ‘ಹೂಂ’ ಎನ್ನುವುದು ನನ್ನ ಹುಟ್ಟುಗುಣ. ಅದನ್ನೇ ಸೌಜನ್ಯವೆಂದು ಕರೆದುಕೊಂಡು ಅರ್ಧ ಆಯುಷ್ಯ ಕಳೆದೆ. ಕಣ್ಣು ತೆರೆಸಿದ್ದು ಒಂದು ಮದುವೆಯ ಊಟ.

ನಮ್ಮ ಚರ್ಚಿನ ಅಂಗಳ ಗುಡಿಸಿ ಗಂಟೆ ಬಾರಿಸುವ ತಾತನ ಪಕ್ಕದಲ್ಲಿ ಕುಳಿತಿದ್ದೆ. ಎಷ್ಟೋ ಸಲ ಅವನ ಮನೆಯಲ್ಲಿ ಗಂಜಿ ಕುಡಿದವನು ನಾನು. ದೂರದಿಂದ ದೊಡ್ಡಪ್ಪ ಹುಬ್ಬು ಗಂಟಿಕ್ಕಿದರು. ಎಲೆ ಬಿಟ್ಟೆದ್ದು ಅವರ ಪಂಕ್ತಿಗೆ ಹೋದೆ. ತಾತ ಏನೂ ಅನ್ನಲಿಲ್ಲ. ನನ್ನ ಎಲೆಯನ್ನು ಮೆಲ್ಲಗೆ ಮಡಿಸಿದ.

ಆ ರಾತ್ರಿ ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯನ್ನು ತೆರೆದೆ. ಅಂತಿಯೋಕ್ಯದಲ್ಲಿ ಅನ್ಯಜನರೊಡನೆ ಉಣ್ಣುತ್ತಿದ್ದ ಪೇತ್ರ, ಯಾಕೋಬನ ಕಡೆಯವರು ಬಂದೊಡನೆ ಅಂಜಿ ಹಿಂದೆ ಸರಿದನಂತೆ. ಪೌಲ ಎಲ್ಲರೆದುರಿಗೇ ಆಕ್ಷೇಪಿಸಿದ. ಅದೇ ಪತ್ರಿಕೆಯ ಮೊದಲಲ್ಲಿ, ತಾನು ಮೆಚ್ಚಿಸಬೇಕಾದದ್ದು ಜನರನ್ನೋ ದೇವರನ್ನೋ ಎಂದು ತನ್ನನ್ನೇ ಕೇಳಿಕೊಂಡವನು ಅವನು. ಜಾರಿದ ಪೇತ್ರನನ್ನೂ ದೇವರು ಕೈಬಿಡಲಿಲ್ಲವೆಂಬುದು ನನಗೆ ಧೈರ್ಯ ಕೊಟ್ಟಿತು. ಯೋಗ್ಯತೆ ನೋಡದೆ ಪ್ರೀತಿಸಿದವನೊಬ್ಬನಿರುವಾಗ ಊರವರ ಮೆಚ್ಚಿಕೆಗೆ ಏಕೆ ಕೈಯೊಡ್ಡಲಿ?

ಮರುದಿನ ತಾತನ ಮನೆಗೆ ಹೋಗಿ ಕ್ಷಮೆ ಬೇಡಿದೆ. ಅವನು ಗಂಜಿ ಬಡಿಸಿದ. ಸುದ್ದಿ ತಿಳಿದ ದೊಡ್ಡಪ್ಪ ಒಂದು ತಿಂಗಳು ಮಾತು ಬಿಟ್ಟರು. ಆ ತಿಂಗಳೆಲ್ಲ ನನಗೆ ನಿದ್ದೆ ಚೆನ್ನಾಗಿಯೇ ಬಂತು.