ಕಾರಾಪುರದ ಸಾಬು

ದಸರಾ ಆನೆಗಳ ಗಜಪಯಣ ಹೊರಡುವ ದಿನ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಜನವೋ ಜನ. ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಾನೂ ಹೋಗಿದ್ದೆ. ಆನೆಯ ಕಾಲ ಬಳಿಯೇ ಮಾವುತರ ಹುಡುಗನೊಬ್ಬ ಆಡಿಕೊಂಡಿದ್ದ. “ಅವನಿಗೆ ಭಯ ಆಗಲ್ವಾ ತಾತ?” ಎಂದಳು. ನನಗೆ ತಟ್ಟನೆ ಸಾಬು ನೆನಪಾದ. ಊರಿಗೆ ವಾಪಸಾಗುವ ಬಸ್ಸಿನಲ್ಲಿ ಅವನ ಕಥೆ ಹೇಳಿದೆ.

ಸಾಬು ಹುಟ್ಟಿದ್ದು 1924ರಲ್ಲಿ, ನಮ್ಮ ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರದಲ್ಲಿ. ಅಪ್ಪ ಮೈಸೂರು ಮಹಾರಾಜರ ಆನೆಗಳ ಮಾವುತ. ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡ ಹುಡುಗನಿಗೆ ಆನೆ ಲಾಯವೇ ಮನೆಯಾಯಿತು. ಕಿಪ್ಲಿಂಗ್ ಬರೆದ ಆನೆಯ ಕಥೆಯೊಂದನ್ನು ಸಿನಿಮಾ ಮಾಡಲು ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದಾಗ, ಆನೆಯೊಡನೆ ಸಲಿಗೆಯಿಂದ ಇರಬಲ್ಲ ಹುಡುಗ ಬೇಕಾಗಿದ್ದ. ಸಾಬು ಸಿಕ್ಕಿದ. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಗೆ ಬಂದು, ನಮ್ಮ ಕಾಡಂಚಿನ ಹುಡುಗ ಲೋಕಕ್ಕೆಲ್ಲ ಪರಿಚಯವಾದ.

ಆಮೇಲೆ ಇಂಗ್ಲೆಂಡ್, ಅಲ್ಲಿಂದ ಅಮೆರಿಕ. 1940ರ ‘ದಿ ಥೀಫ್ ಆಫ್ ಬಾಗ್ದಾದ್’ನಲ್ಲಿ ಸೀಸೆಯಿಂದ ಭೂತವನ್ನು ಬಿಡಿಸುವ ಕಳ್ಳ ಹುಡುಗ ಅವನೇ. 1942ರ ‘ಜಂಗಲ್ ಬುಕ್’ನ ಮೋಗ್ಲಿಯೂ ಅವನೇ. 1944ರಲ್ಲಿ ಅಮೆರಿಕದ ಪ್ರಜೆಯಾದ. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದ ಬಂದೂಕು ಹಿಡಿದು ಹೋರಾಡಿ ಶೌರ್ಯ ಪದಕ ಪಡೆದ.

“ಆಮೇಲೆ ದೊಡ್ಡ ಹೀರೋ ಆದ್ನಾ?”

ಇಲ್ಲ ಮಗಳೇ. 1947ರ ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ ಅತ್ತರು ಪೂಸಿಕೊಂಡ ಯುವರಾಜನಾಗಿ ಚೆನ್ನಾಗಿಯೇ ಮಾಡಿದ್ದ. ಆದರೆ ಸಿನಿಮಾದವರಿಗೆ ಅವನು ಮೈಮೇಲೆ ಅಂಗಿಯಿಲ್ಲದ ಕಾಡುಹುಡುಗನಾಗಿಯೇ ಬೇಕಿದ್ದ. ಅವನು ಬೆಳೆದ, ಪಾತ್ರಗಳು ಬೆಳೆಯಲಿಲ್ಲ. 1952ರಲ್ಲಿ ಲಂಡನ್ನಿನ ಸರ್ಕಸ್ಸಿನಲ್ಲಿ ಮತ್ತೆ ಆನೆಯ ಜೊತೆ ನಿಂತ. 1963ರ ಡಿಸೆಂಬರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ ಬರೀ 39 ವರ್ಷ. ಭಾರತದ ಒಂದು ಚಿತ್ರದಲ್ಲೂ ಅವನು ನಟಿಸಲಿಲ್ಲ. ಕನ್ನಡದ ತೆರೆಗೆ ಅವನು ಸಿಗಲೇ ಇಲ್ಲ ಎಂಬ ಕೊರಗು ನನಗೆ ಇವತ್ತಿಗೂ ಇದೆ.

ಆ ರಾತ್ರಿ ಮಗನ ಮೊಬೈಲಿನಲ್ಲಿ ಹಳೆಯ ಕಪ್ಪು ಬಿಳುಪು ಸಾಬುವನ್ನು ಅವಳಿಗೆ ತೋರಿಸಿದೆ. ಆನೆಯ ಕತ್ತಿನ ಮೇಲೆ ಕೂತು ನಗುತ್ತಿದ್ದ. “ಬೆಳಿಗ್ಗೆ ನೋಡಿದ ಅಣ್ಣನ ಥರಾನೇ ಇದಾನೆ!” ಎಂದಳು.

ದಸರಾ ಮುಗಿಯುವ ತನಕ ಮಾವುತರ ಮಕ್ಕಳಿಗೆ ಮೈಸೂರು ಅರಮನೆಯ ಆವರಣದಲ್ಲಿ ಟೆಂಟ್ ಶಾಲೆ ನಡೆಯುತ್ತದೆ. ಆ ಹುಡುಗನೂ ಅಲ್ಲಿ ಸ್ಲೇಟು ಹಿಡಿದು ಕೂತಿರಬಹುದು. ಆನೆಯ ಸಲಿಗೆ ಅವನಿಗೆ ಹುಟ್ಟಿನಿಂದಲೇ ಬಂದಿದೆ. ಅಕ್ಷರವೂ ಒಲಿಯಲಿ. ದೊಡ್ಡವನಾದ ಮೇಲೆ ತನ್ನ ಪಾತ್ರವನ್ನು ತಾನೇ ಆರಿಸಿಕೊಳ್ಳಲಿ.